ಗಂಗೂಬಾಯಿ ಹಾನಗಲ್: ಧ್ವನಿಮುದ್ರಿಕೆಗಳ ಚರಿತ್ರೆ

ಗಂಗೂಬಾಯಿ ಹಾನಗಲ್ (1913–2009) ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರಿನ ಜೊತೆಗೆ ಉಳಿದದ್ದು ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲು. 1928ರಲ್ಲಿ ಅವರಿಗೆ ಹಿಂದೂಸ್ತಾನಿ ಪಾಠ ಹೇಳಿದವರು ಕೃಷ್ಣಾಚಾರ್ಯ ಹುಲಗೂರ. 1930ರ ದಶಕದ ಆರಂಭದಲ್ಲಿ ಎಚ್‌ಎಂವಿ ಕಂಪನಿ ಮುಂಬಯಿಯಲ್ಲಿ ಈ ತರುಣಿಯ ಹಾಡುಗಳನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಪ್ಲೇಟುಗಳಿಗಿಳಿಸಿತು. ಆ ದನಿ ತೆಳು, ಚೂಪು, ಏರು ಶ್ರುತಿಯದು. 1940ರ ದಶಕದಲ್ಲಿ ಗಂಟಲ ಬೇನೆಗೆ ಶಸ್ತ್ರಚಿಕಿತ್ಸೆಯಾಗಿ ಅದು ಹೋಯಿತು. ಮುಂದೆ ಲಾಂಗ್‌ಪ್ಲೇ ಕಾಲದಲ್ಲಿ ಕೇಳಿಸಿದ್ದು ಗಂಡುದನಿಯೆನ್ನುವಷ್ಟು ತುಂಬಿದ, ಕೆಳಸ್ಥಾಯಿಯ ಕಂಠ. ಹೋದ ದನಿಯನ್ನು ಛಲದಿಂದ ಗೆದ್ದ ಕತೆಯೆಂದು ಇದನ್ನು ಹೇಳುವುದು ರೂಢಿ. ಧ್ವನಿಮುದ್ರಿಕೆಗಳನ್ನೇ ಸಾಕ್ಷಿಯಾಗಿಟ್ಟುಕೊಂಡರೆ ಬೇರೊಂದು ಸಂಗತಿ ಕಾಣುತ್ತದೆ: ದನಿಯ ಜೊತೆಗೆ ಹಾಡುಗಾರಿಕೆಯೇ ಬೇರೆಯಾಗಿತ್ತು, ಆ ಬದಲಾವಣೆಯಲ್ಲಿ ಗಾಯಕಿಯ ನಿರ್ಧಾರಕ್ಕೆ ದೊಡ್ಡ ಪಾಲಿತ್ತು.

ಎಪ್ಪತ್ತೆಂಟು ಸುತ್ತಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸು. ಗಂಗೂಬಾಯಿ ಹಾಡುತ್ತಿದ್ದ ಕಿರಾಣಾ ಘರಾಣೆಯ ವಿಲಂಬಿತ ಏಕತಾಲದಲ್ಲಿ ಒಂದು ಆವರ್ತನವೇ ಮುಕ್ಕಾಲು ನಿಮಿಷ ನುಂಗಬಲ್ಲದು. ಮಂದ್ರದಿಂದ ಒಂದೊಂದೇ ಸ್ವರಕ್ಕೆ ಕಾದು, ಅದರ ಸುತ್ತ ಸುಳಿದು, ಮುಂದಿನ ಸ್ವರಕ್ಕೆ ಹತ್ತುವ ಬಢತ್‌ಗೆ ಅಲ್ಲಿ ಜಾಗವೇ ಇಲ್ಲ. ಚೀಜು ಎತ್ತಿದೊಡನೆ ತಾನ್ ಹೊಡೆದು ಮುಗಿಸಬೇಕು. ಅಂಥ ಪ್ಲೇಟಿಗೆ ಲಘು ಹಾಡು, ಚುರುಕಾದ ಕಂಠ ಒಪ್ಪುತ್ತಿದ್ದವು. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಗಂಗೂಬಾಯಿ ಕಲಿತದ್ದು ಇದಕ್ಕೆ ತೀರ ವಿರುದ್ಧವಾದ ವಿದ್ಯೆ: ಪಲುಕುಗಳನ್ನು ದಿನಗಟ್ಟಲೆ ತಿರುವಿ ತಿದ್ದುವ, ಅವಸರವನ್ನು ಸಹಿಸದ ತಾಲೀಮು. ಮಗ್ಗುಲಿಗೆ ಇಪ್ಪತ್ತು ನಿಮಿಷ ಮೀರಿ ನುಡಿಯುವ ಲಾಂಗ್‌ಪ್ಲೇ ಬಂದ ಮೇಲೆಯೇ ಆ ವಿದ್ಯೆಗೆ ಪ್ಲೇಟಿನಲ್ಲಿ ಉಸಿರಾಡಲು ಎಡೆ ಸಿಕ್ಕಿತು.

ಶಸ್ತ್ರಚಿಕಿತ್ಸೆ ಆಗದಿದ್ದರೆ ಈ ಮಾರ್ಪಾಡೆಲ್ಲ ಎಲ್ಲಿತ್ತು ಎಂದು ಆಕ್ಷೇಪಿಸಬಹುದು. ದನಿಯ ಮಟ್ಟಿಗೆ ಅದು ಸರಿ. ಆದರೆ ಗಂಟಲು ಭಾರವಾದ ಮಾತ್ರಕ್ಕೆ ಠುಮರಿ, ಭಜನೆ ಬಿಡಬೇಕೆಂದೇನಿಲ್ಲ. ಭಾರದ ದನಿಯಲ್ಲಿ ಭಜನೆ ಹಾಡಿ ಮೆಚ್ಚಿಸಿದವರು ಎಷ್ಟೋ ಮಂದಿ. ಗಂಗೂಬಾಯಿ 1945ರ ನಂತರ ಲಘು ಪ್ರಕಾರಗಳನ್ನು ಕೈಬಿಟ್ಟು ಖ್ಯಾಲನ್ನೇ ಹಿಡಿದರು. ಜನ ಬಯಸಿ ಕೊಳ್ಳುತ್ತಿದ್ದ ಮಾಲನ್ನು ಬಿಟ್ಟು, ಮೂರು ನಿಮಿಷಕ್ಕೆ ಒಗ್ಗದ ಸಂಗೀತವನ್ನು ಆರಿಸಿಕೊಳ್ಳುವುದು ದೊಡ್ಡ ಧೈರ್ಯ. ಹಾಗೆಂದು ಗಾಂಧಾರಿಯ ಪ್ಲೇಟುಗಳನ್ನು ಬಾಲಿಶ ಸರಕೆಂದು ತಳ್ಳುವುದೂ ಅನ್ಯಾಯ. ಆ ಚೂಪು ಕಂಠಕ್ಕೆ ಉಳಿದಿರುವ ನೇರ ಸಾಕ್ಷಿ ಅವೇ. ಸ್ವರ ಹಚ್ಚುವಲ್ಲಿನ ನಿಖರತೆ ಅವುಗಳಲ್ಲಾಗಲೇ ಇದೆ. ನಂತರದ ಮುದ್ರಿಕೆಗಳಲ್ಲಿ ಮಗಳು ಕೃಷ್ಣಾ ಹಾನಗಲ್ ಜೊತೆಗೂಡಿ ಹಾಡುವಾಗ ತಾಯಿಯ ಗಾಂಭೀರ್ಯದ ಪಕ್ಕದಲ್ಲಿ ಆಕೆಯ ಎಳೆಯ ದನಿಯ ಎಳೆಯೊಂದು ನಡೆಯುತ್ತದೆ. ಒಂದೇ ರಾಗ, ಒಂದೇ ತಾಲೀಮು, ಎರಡು ಕಂಠ. 2004ರಲ್ಲಿ ಕೃಷ್ಣಾ ತೀರಿಕೊಂಡರು. ಅಸ್ಥಿಮಜ್ಜೆಯ ಕ್ಯಾನ್ಸರಿನಿಂದ ಚೇತರಿಸಿಕೊಂಡಿದ್ದ ಗಂಗೂಬಾಯಿ 2006ರಲ್ಲಿ, ತೊಂಬತ್ಮೂರರ ವಯಸ್ಸಿನಲ್ಲಿ, ತಮ್ಮ ಕೊನೆಯ ಕಚೇರಿ ನಡೆಸಿದರು.