ತಅಬಿಯಾ: ಬಾಗ್ದಾದಿನ ಚದುರಂಗದ ಮೊದಲ ನಡೆಗಳು

ಇಂದಿನ ಚದುರಂಗ ಲೋಕದಲ್ಲಿ ‘ತಬಿಯಾ’ ಎಂಬ ಪದವೊಂದು ಬಳಕೆಯಲ್ಲಿದೆ. ಆಟದ ಆರಂಭದ ಹತ್ತು-ಹದಿನೈದು ನಡೆಗಳ ಬಳಿಕ ಮತ್ತೆ ಮತ್ತೆ ಎದುರಾಗುವ, ಎಲ್ಲರಿಗೂ ಪರಿಚಿತವಾದ ಸ್ಥಿತಿಗೆ ಆ ಹೆಸರು. ಮಾಸ್ಕೋದ ತರಬೇತುದಾರರೂ ಚೆನ್ನೈಯ ಹುಡುಗರೂ ಅದನ್ನು ಸಹಜವಾಗಿ ಉಚ್ಚರಿಸುತ್ತಾರೆ. ಅದು ಅರಬಿ ಪದವೆಂದು ತಿಳಿದವರು ವಿರಳ. ‘ತಅಬಿಯಾ’ ಎಂದರೆ ಸೈನ್ಯವನ್ನು ಯುದ್ಧಕ್ಕೆ ಅಣಿಗೊಳಿಸುವುದು, ವ್ಯೂಹ ರಚನೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಅಬ್ಬಾಸಿ ಖಲೀಫರ ಬಾಗ್ದಾದಿನಲ್ಲಿ ಈ ಪದ ಚದುರಂಗದ ಹಾಸಿಗೆ ಬಂತು.

ಚದುರಂಗ ಭಾರತದಲ್ಲಿ ಹುಟ್ಟಿತು. ಪರ್ಷಿಯಾದಲ್ಲಿ ‘ಚತ್ರಂಗ್’ ಆಯಿತು. ಆ ನಾಡು ಇಸ್ಲಾಮೀ ರಾಜ್ಯದ ಭಾಗವಾದಾಗ ಅರಬರ ಬಾಯಲ್ಲಿ ‘ಶತ್ರಂಜ್’ ಆಯಿತು. ಆದರೆ ಅಂದಿನ ಆಟ ಇಂದಿನದಲ್ಲ. ಹಾಸಿನಲ್ಲಿ ಕಪ್ಪು ಬಿಳುಪಿನ ಚೌಕಗಳಿರಲಿಲ್ಲ, ಗೆರೆಗಳು ಮಾತ್ರ. ನಾವು ಮಂತ್ರಿ ಎನ್ನುವ ಕಾಯಿ ಅಲ್ಲಿ ‘ಫಿರ್‌ಝಾನ್’. ಅದು ಓರೆಯಾಗಿ ಒಂದೇ ಒಂದು ಮನೆ ಚಲಿಸಬಲ್ಲ ದುರ್ಬಲ ಕಾಯಿ. ನಾವು ಒಂಟೆ ಎಂದು ಕರೆಯುವ ಕಾಯಿಯ ಜಾಗದಲ್ಲಿ ‘ಫೀಲ್’, ಅಂದರೆ ಆನೆ. ಅದು ಓರೆಯಾಗಿ ಸರಿಯಾಗಿ ಎರಡನೆಯ ಮನೆಗೆ ನೆಗೆಯುತ್ತಿತ್ತು, ಅಷ್ಟೇ. ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಹೆಜ್ಜೆ. ಕುದುರೆ ಮತ್ತು ‘ರುಖ್’ ಮಾತ್ರ ಇಂದಿನಂತೆಯೇ ಚಲಿಸುತ್ತಿದ್ದವು. ಕಾಯಿಗಳ ಬೆಲೆಯನ್ನು ಆ ಕಾಲದವರು ನಾಣ್ಯದಲ್ಲಿ ಲೆಕ್ಕ ಹಾಕುತ್ತಿದ್ದರು: ರುಖ್‌ಗೆ ಒಂದು ದಿರ್ಹಮ್, ಕುದುರೆಗೆ ಅದರ ಮೂರನೆಯ ಎರಡು ಪಾಲು, ಫಿರ್‌ಝಾನ್‌ಗೆ ಸುಮಾರು ಮೂರನೆಯ ಒಂದು ಪಾಲು, ಫೀಲ್‌ಗೆ ಕಾಲು ಪಾಲು.

ಇಷ್ಟು ಮಂದಗತಿಯ ಆಟದಲ್ಲಿ ಎರಡು ಸೈನ್ಯಗಳು ಮುಖಾಮುಖಿಯಾಗಲು ಹತ್ತು-ಹನ್ನೆರಡು ನಡೆಗಳು ಬೇಕಾಗುತ್ತಿದ್ದವು. ಅಲ್ಲಿಯವರೆಗೆ ಎದುರಾಳಿ ಏನು ಮಾಡುತ್ತಿದ್ದಾನೆ ಎಂಬುದು ಬಹುತೇಕ ಅಪ್ರಸ್ತುತ. ಆದ್ದರಿಂದ ಆಟಗಾರರು ತಮಗೆ ಪ್ರಿಯವಾದ ವ್ಯೂಹವೊಂದನ್ನು ಮೊದಲೇ ಆರಿಸಿಕೊಂಡು, ಅದನ್ನು ಕಟ್ಟಿ ಮುಗಿಸಿ, ಆ ಬಳಿಕವೇ ಕದನಕ್ಕೆ ಇಳಿಯುತ್ತಿದ್ದರು. ಆ ವ್ಯೂಹಗಳಿಗೆ ಸೊಗಸಾದ ಹೆಸರುಗಳಿದ್ದವು: ‘ಮುಜನ್ನಹ್’ ಎಂದರೆ ರೆಕ್ಕೆಗಳುಳ್ಳದ್ದು, ‘ಸೈಫ್’ ಎಂದರೆ ಖಡ್ಗ, ‘ಸಯ್ಯಾಲಾ’ ಎಂದರೆ ಹರಿಯುವ ಪ್ರವಾಹ, ‘ಮುವಶ್ಶಹ್’ ಎಂದರೆ ಅಲಂಕೃತ ನಡುಪಟ್ಟಿ ಧರಿಸಿದ್ದು, ‘ಮಶಾಇಖೀ’ ಎಂದರೆ ಶೈಖರುಗಳದ್ದು. ಕೊನೆಯ ಹೆಸರನ್ನು ಗಮನಿಸಬೇಕು. ಹಿರಿಯರು ಹೀಗೆ ಆಡುತ್ತಿದ್ದರು ಎಂಬುದೇ ಆ ವ್ಯೂಹದ ಅರ್ಹತೆ.

ಹಿರಿಯರು ಆಡಿದರು ಎಂಬ ಕಾರಣ ಸಾಕೇ? ಕ್ರಿಸ್ತಶಕ ಒಂಬತ್ತು ಮತ್ತು ಹತ್ತನೆಯ ಶತಮಾನಗಳ ಬಾಗ್ದಾದ್ ಈ ಪ್ರಶ್ನೆಯನ್ನು ಒಂದು ಆಟದ ವಿಷಯದಲ್ಲೂ ಕೇಳಿತು.

ಮೊದಲ ಮಹಾ ಗ್ರಂಥಕರ್ತ ಅಲ್-ಅದ್ಲೀ. ಸುಮಾರು 840ರ ಹೊತ್ತಿಗೆ ಅವರು ಶತ್ರಂಜ್ ಕುರಿತು ಗ್ರಂಥ ರಚಿಸಿದರು, ಆಟಗಾರರನ್ನು ವರ್ಗಗಳಾಗಿ ವಿಂಗಡಿಸಿದರು. ಅತ್ಯುನ್ನತ ವರ್ಗಕ್ಕೆ ‘ಆಲಿಯಾ’ ಎಂದು ಹೆಸರು. ಒಂದು ಕಾಲದಲ್ಲಿ ಆ ವರ್ಗಕ್ಕೆ ಸೇರಿದವರು ಬೆರಳೆಣಿಕೆಯಷ್ಟೇ ಇರುತ್ತಿದ್ದರು. ಖಲೀಫಾ ಮುತವಕ್ಕಿಲರ (847–861) ಸಮ್ಮುಖದಲ್ಲಿ ನಡೆದ ಪಂದ್ಯದಲ್ಲಿ ಅದ್ಲೀ ಅವರು ಅರ್-ರಾಝೀ ಎಂಬ ಆಟಗಾರರಿಗೆ ಸೋತರು. ಆದರೆ ಅವರ ಗ್ರಂಥದ ಗೌರವ ಉಳಿಯಿತು. ಅದಕ್ಕೂ ಮುಂಚಿನ ಖಲೀಫಾ ಮಾಮೂನರ ಬಗ್ಗೆ ಒಂದು ಕಥನವಿದೆ. ಸಿಂಧೂ ತೀರದಿಂದ ಪಶ್ಚಿಮದವರೆಗಿನ ಭೂಮಿಯನ್ನು ನಿಭಾಯಿಸುತ್ತೇನೆ, ಎರಡು ಮೊಳ ಅಗಲದ ಈ ಹಾಸನ್ನು ನಿಭಾಯಿಸಲಾಗುತ್ತಿಲ್ಲವಲ್ಲ ಎಂದು ಅವರು ಬೇಸರಪಟ್ಟರಂತೆ.

ಅನಂತರ ಬಂದವರು ಅಬೂಬಕ್ರ್ ಮುಹಮ್ಮದ್ ಬಿನ್ ಯಹ್ಯಾ ಅಸ್-ಸೂಲೀ. ಅವರ ಪೂರ್ವಜರು ಜುರ್ಜಾನಿನ ತುರ್ಕಿ ರಾಜಮನೆತನದವರು. ಸೂಲೀ ಇತಿಹಾಸಕಾರರು, ಸಾಹಿತ್ಯವೇತ್ತರು, ಅಬ್ಬಾಸಿ ಆಸ್ಥಾನದ ಒಡನಾಡಿ. ‘ಕಿತಾಬುಲ್ ಔರಾಕ್’ ಎಂಬ ಅವರ ಗ್ರಂಥ ಆ ಯುಗದ ಅಧ್ಯಯನಕ್ಕೆ ಇಂದಿಗೂ ಮುಖ್ಯ ಆಕರ. ಖಲೀಫಾ ಮುಕ್ತಫೀ (902–908) ಅವರ ಮುಂದೆ ಸೂಲೀ ಆಸ್ಥಾನದ ನೆಚ್ಚಿನ ಆಟಗಾರ ಅಲ್-ಮಾವರ್ದೀ ಅವರನ್ನು ಎದುರಿಸಿದರು. ಮೊದಮೊದಲು ಖಲೀಫಾ ಬಹಿರಂಗವಾಗಿಯೇ ಮಾವರ್ದಿಯ ಪರ ವಹಿಸಿ ಹುರಿದುಂಬಿಸುತ್ತಿದ್ದರಂತೆ. ಆದರೆ ಸೂಲಿಯ ಗೆಲುವು ಸಂದೇಹಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿತ್ತು. ಖಲೀಫರ ಒಲವು ಕೂಡಲೇ ಬದಲಾಯಿತು. (ಆಸ್ಥಾನದ ಒಲವು ಎಂದರೆ ಅಷ್ಟೇ.)

ಸೂಲೀ ಅದ್ಲಿಯ ಗ್ರಂಥವನ್ನು ವಿಮರ್ಶಿಸಿ ಬರೆದರು. ನನ್ನ ಅಭಿಪ್ರಾಯದಲ್ಲಿ ಅವರ ನಿಜವಾದ ಕೊಡುಗೆ ಇರುವುದು ಪಂದ್ಯದ ಗೆಲುವಿನಲ್ಲಲ್ಲ, ಇಲ್ಲಿ. ಪೂರ್ವಿಕನ ಮಾತನ್ನು ಅವರು ಕಡೆಗಣಿಸಲಿಲ್ಲ, ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಅದನ್ನು ಹಾಸಿನ ಮೇಲೆ ಇಟ್ಟು ನಡೆ ನಡೆಯಾಗಿ ಪರೀಕ್ಷಿಸಿದರು. ಅವರ ಶಿಷ್ಯ ಅಲ್-ಲಜ್ಲಾಜ್ (ತೊದಲುವವ ಎಂಬುದು ಆ ಹೆಸರಿನ ಅರ್ಥ) ಈ ಕೆಲಸವನ್ನು ಇನ್ನೂ ಮುಂದೆ ಒಯ್ದರು. ಮುಜನ್ನಹ್, ಸೈಫ್, ಸಯ್ಯಾಲಾ, ಮಶಾಇಖೀ ವ್ಯೂಹಗಳನ್ನು ಒಂದೊಂದಾಗಿ ಎತ್ತಿಕೊಂಡು, ವ್ಯೂಹ ಪೂರ್ಣಗೊಂಡ ಬಳಿಕ ಯಾವ ನಡೆಗೆ ಯಾವ ಉತ್ತರ, ಆ ಉತ್ತರಕ್ಕೆ ಏನು ಫಲ ಎಂದು ಕವಲು ಕವಲಾಗಿ ಬರೆದರು. ಆರಂಭದ ನಡೆಗಳ ಇಷ್ಟು ವಿಸ್ತಾರವಾದ ವಿಶ್ಲೇಷಣೆಯಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯದು ಬಹುಶಃ ಇದೇ.

ಇಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಶತ್ರಂಜ್ ಧರ್ಮಸಮ್ಮತವೇ? ಜೂಜು ನಿಷಿದ್ಧ; ಅದರಲ್ಲಿ ಭಿನ್ನಮತವಿಲ್ಲ. ಪಣವಿಲ್ಲದ ಶತ್ರಂಜ್ ಕುರಿತು ಮಾತ್ರ ವಿದ್ವಾಂಸರಲ್ಲಿ ಆರಂಭದಿಂದಲೂ ಅಭಿಪ್ರಾಯ ಭೇದವಿದೆ. ಹನಫೀ, ಮಾಲಿಕೀ ಮತ್ತು ಹಂಬಲೀ ಮದ್‌ಹಬ್‌ಗಳ ಹೆಚ್ಚಿನ ವಿದ್ವಾಂಸರು ಅದನ್ನು ನಿಷಿದ್ಧ ಅಥವಾ ನಿಷಿದ್ಧಕ್ಕೆ ಸಮೀಪವೆಂದು ಕಂಡರು. ಇಮಾಮ್ ಶಾಫಿಈ(ರ)ಯವರ ಮದ್‌ಹಬ್‌ನಲ್ಲಿ ಅದು ಅನಪೇಕ್ಷಿತವೇ ಹೊರತು ನಿಷಿದ್ಧವಲ್ಲ. ಆದರೆ ಪಣವಿರಬಾರದು, ನಮಾಝ್ ತಪ್ಪಬಾರದು, ನಾಲಿಗೆ ಕೆಡಬಾರದು. ಹಜ್ಜಾಜನ ದಬ್ಬಾಳಿಕೆಗೆ ಬಲಿಯಾದ ತಾಬಿಈ ವಿದ್ವಾಂಸ ಸಈದ್ ಬಿನ್ ಜುಬೈರ್(ರ) ಹಾಸಿಗೆ ಬೆನ್ನು ಮಾಡಿ ಕುಳಿತು ಮನಸ್ಸಿನಲ್ಲೇ ಆಡುತ್ತಿದ್ದರೆಂಬ ವರದಿಯನ್ನು ಶಾಫಿಈ ವಿದ್ವಾಂಸರು ಉಲ್ಲೇಖಿಸುತ್ತಾರೆ. ನಮ್ಮ ಕರಾವಳಿಯ ಬ್ಯಾರಿಗಳು ಶಾಫಿಈಗಳು, ಒಳನಾಡಿನ ಉರ್ದು ಮಾತಾಡುವವರಲ್ಲಿ ಹೆಚ್ಚಿನವರು ಹನಫಿಗಳು. ಒಂದೇ ಪ್ರಶ್ನೆಗೆ ಮಂಗಳೂರಿನಲ್ಲಿ ಒಂದು, ಕಲಬುರಗಿಯಲ್ಲಿ ಇನ್ನೊಂದು ಉತ್ತರ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಈ ಲೇಖನದ ಉದ್ದೇಶ ಆ ಚರ್ಚೆಯನ್ನು ಮುಗಿಸುವುದಲ್ಲ. ಆಟದ ಹೆಸರಿನಲ್ಲಿ ರಾತ್ರಿಗಳನ್ನು ಕಳೆದು ಫಜ್ರ್ ತಪ್ಪಿಸುವವನಿಗೆ ನಾಲ್ಕೂ ಮದ್‌ಹಬ್‌ಗಳಲ್ಲಿ ಸಮರ್ಥನೆ ಸಿಗದು ಎಂಬುದಷ್ಟನ್ನು ಹೇಳಿ ಮುಂದುವರಿಯುತ್ತೇನೆ.

ತಅಬಿಯಾಗಳ ಯುಗ ಮುಗಿದದ್ದು ಯುರೋಪಿನಲ್ಲಿ. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನಲ್ಲಿ ಫಿರ್‌ಝಾನ್ ಸರ್ವಶಕ್ತ ರಾಣಿಯಾಗಿ ಮಾರ್ಪಟ್ಟಿತು, ಫೀಲ್‌ಗೆ ದೂರದ ಓಟ ಬಂತು. 1497ರಲ್ಲಿ ಸಾಲಮಾಂಕಾದಲ್ಲಿ ಅಚ್ಚಾದ ಲುಸೇನಾನ ಪುಸ್ತಕದಲ್ಲಿ ಹೊಸ ಆಟವೂ ಇದೆ, ಹಳೆಯದೂ ಇದೆ. ಎರಡೇ ನಡೆಗಳಲ್ಲಿ ರಾಜನ ಬುಡಕ್ಕೆ ಬೆಂಕಿ ತಲುಪಬಲ್ಲ ಆಟದಲ್ಲಿ ಹನ್ನೆರಡು ನಡೆ ಸಮಾಧಾನವಾಗಿ ವ್ಯೂಹ ಕಟ್ಟುವವನು ಉಳಿಯುವುದು ಹೇಗೆ? ನಡುವಣ ಚೌಕಗಳನ್ನು ಕೂಡಲೇ ಆಕ್ರಮಿಸುವುದೇ ಮೊದಲು ಆಡುವ ಬಿಳಿ ಪಕ್ಷದ ಧರ್ಮವೆಂದಾಯಿತು, ಉಳಿದುದೆಲ್ಲ ವಿಚಿತ್ರವೆನಿಸಿಕೊಂಡಿತು.

ಆದರೂ ಹಳೆಯ ಸ್ವಭಾವ ಪೂರ್ತಿ ಸಾಯಲಿಲ್ಲ. 1924ರಲ್ಲಿ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ರಿಚರ್ಡ್ ರೇಟಿ ಬಿಳಿ ಕಾಯಿಗಳೊಡನೆ ಕುದುರೆಯನ್ನು ಮೊದಲು ಹೊರತೆಗೆದು, ನಡುವನ್ನು ಬದಿಗಳಿಂದ ಒತ್ತಿ, ಎಂಟು ವರ್ಷಗಳಿಂದ ಸೋಲದಿದ್ದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದರು. ಅದೇ ಪಂದ್ಯಾವಳಿಯಲ್ಲಿ ತಾರ್ತಕೋವರ್ ರಾಣಿಯ ಬದಿಯ ಕುದುರೆಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ಆಟ ಆರಂಭಿಸಿದರು. ಹಿಂದಿನ ದಿನ ಮೃಗಾಲಯದಲ್ಲಿ ಕಂಡ ಒರಾಂಗುಟಾನ್ ಕಪಿಯ ಹೆಸರನ್ನೇ ಆ ನಡೆಗೆ ಇಟ್ಟರು. ಆ ಆಟವನ್ನು ಅವರು ಮಾರೋತ್ಸಿಗೆ ಸೋತರು ಎಂಬುದನ್ನೂ ಹೇಳಬೇಕು. ಬಿಳಿ ಪಕ್ಷದ ಇಂತಹ ‘ಅಸಾಮಾನ್ಯ’ ಆರಂಭಗಳಲ್ಲಿ ಹಲವು, ಎದುರಾಳಿ ಏನೇ ಆಡಲಿ ನನ್ನ ವ್ಯೂಹ ನನಗಿದೆ ಎಂಬ ನಿಲುವಿನವು. ಅವು ಬಾಗ್ದಾದಿನಿಂದ ನೇರವಾಗಿ ಇಳಿದು ಬಂದವು ಎಂದು ನಾನು ಹೇಳುತ್ತಿಲ್ಲ. ಆದರೆ ಲಜ್ಲಾಜ್ ಆ ಹಾಸಿನ ಮುಂದೆ ಕುಳಿತಿದ್ದರೆ ಎರಡನೆಯ ನಡೆಗೇ ಗುರುತು ಹಿಡಿಯುತ್ತಿದ್ದರು, ಮೂರನೆಯ ನಡೆಗೆ ಅದರ ದೋಷ ಹುಡುಕುತ್ತಿದ್ದರು.

ಸೂಲಿಯ ಕೊನೆ ಸುಖಕರವಾಗಿರಲಿಲ್ಲ. ಖಲೀಫಾ ರಾದೀ (934–940) ಅವರ ಶಿಷ್ಯರಾಗಿದ್ದರು. ಒಮ್ಮೆ ಹೂದೋಟವೊಂದರ ಚೆಲುವನ್ನು ಎಲ್ಲರೂ ಹೊಗಳುತ್ತಿದ್ದಾಗ, ಸೂಲಿಯ ಆಟ ಇದಕ್ಕಿಂತ ಚೆಲುವು ಎಂದು ರಾದೀ ಹೇಳಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಸೂಲಿಯ ಗ್ರಂಥಾಲಯದಲ್ಲಿ ಸಾಲಿಗೊಂದು ಬಣ್ಣದ ಹೊದಿಕೆಯ ಪುಸ್ತಕಗಳಿದ್ದವು. ಇವರ ವಿದ್ಯೆಯೆಲ್ಲ ಕಪಾಟಿನಲ್ಲಿದೆ ಎಂದು ಕವಿಯೊಬ್ಬ ಗೇಲಿಯನ್ನೂ ಮಾಡಿದ್ದ. ರಾದಿಯ ಮರಣಾನಂತರ ಆಸ್ಥಾನದ ಬಾಗಿಲು ಮುಚ್ಚಿತು. ಹಝ್ರತ್ ಅಲೀ(ರ)ಯವರ ಕುರಿತು ಸೂಲೀ ಉಲ್ಲೇಖಿಸಿದ ವರದಿಯೊಂದು ಜನರನ್ನು ಕೆರಳಿಸಿತು. ಪ್ರಾಣಭಯದಿಂದ ಬಸ್ರಾದಲ್ಲಿ ಅಡಗಿ, ಹಿಜರಿ 335ರ ಸುಮಾರಿಗೆ ಬಡತನದಲ್ಲಿ ತೀರಿಕೊಂಡರು. ಲಜ್ಲಾಜ್ ಶೀರಾಝಿಗೆ, ಅದುದುದ್ದೌಲಾರ ಆಶ್ರಯಕ್ಕೆ ಹೋದರು.

ಗ್ರಂಥಗಳು ಮೂಲ ರೂಪದಲ್ಲಿ ನಮಗೆ ದೊರೆತಿಲ್ಲ. ಆದರೆ ಅವುಗಳಿಂದ ಆಯ್ದು ಬರೆದ ಹಸ್ತಪ್ರತಿಗಳು ಇಸ್ತಾಂಬುಲಿನ ಗ್ರಂಥಾಲಯಗಳಲ್ಲಿ ಉಳಿದಿವೆ. ಒಂದು 1140ರಲ್ಲಿ ನಕಲು ಮಾಡಿದ್ದು. ಅವನ್ನು ಓದಲೆಂದೇ ಅರಬಿ ಕಲಿತ ಇಂಗ್ಲಿಷ್ ಶಿಕ್ಷಕ ಎಚ್. ಜೆ. ಆರ್. ಮರ್ರೆ 1913ರಲ್ಲಿ ಚದುರಂಗದ ಬೃಹತ್ ಇತಿಹಾಸವನ್ನು ಪ್ರಕಟಿಸಿದರು. ಆ ಹಳೆಯ ಹಸ್ತಪ್ರತಿಯಲ್ಲಿ ಅದ್ಲೀ ಮತ್ತು ಸೂಲೀ, ವಿಮರ್ಶೆಗೊಳಗಾದವರೂ ವಿಮರ್ಶಿಸಿದವರೂ, ಒಂದೇ ಹೊದಿಕೆಯೊಳಗೆ ಇದ್ದಾರೆ.