ರಂಗದ ಸಂಪೂರ್ಣತೆ ಮತ್ತು ಮನೆಯ ಪ್ರೇಕ್ಷಕ

ಮನೆಯಲ್ಲಿ ಕುಳಿತು ರಂಗಪ್ರಯೋಗವನ್ನು ಆಸ್ವಾದಿಸುವುದು ಅಂತರ್ಜಾಲ ಯುಗದ ರೂಢಿಯೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಇದರ ಚರಿತ್ರೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. 1881ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಎಂಬ ಎಂಜಿನಿಯರು ಒಪೆರಾದ ಗಾಯನವನ್ನು ದೂರವಾಣಿ ತಂತಿಗಳ ಮೂಲಕ ಬೇರೊಂದು ಕಟ್ಟಡದ ಕೇಳುಗರಿಗೆ ತಲುಪಿಸಿದನು. 1890ರಲ್ಲಿ ಇದು ‘ಥಿಯೇಟ್ರೋಫೋನ್’ ಎಂಬ ಚಂದಾ ಸೇವೆಯಾಯಿತು. ಉಬ್ಬಸರೋಗಿಯಾಗಿದ್ದ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ 1911ರಲ್ಲಿ ಅದರ ಚಂದಾದಾರನಾಗಿ, ಡೆಬ್ಯುಸಿಯ ಒಪೆರಾವನ್ನು ತನ್ನ ಕೋಣೆಯಲ್ಲಿಯೇ ಆಲಿಸಿದನು. ರಂಗಮಂದಿರಕ್ಕೆ ಹೋಗಲಾರದವನಿಗೆ ರಂಗವೇ ಮನೆಗೆ ಬಂದಿತೆಂಬುದು ಸಣ್ಣ ಸಂಗತಿಯಲ್ಲ. 1932ರಲ್ಲಿ, ರೇಡಿಯೋ ಮನೆಮನೆಯನ್ನು ಪ್ರವೇಶಿಸುತ್ತಿದ್ದ ಕಾಲಕ್ಕೆ, ಆ ಸೇವೆ ನಿಂತುಹೋಯಿತು.

ಹೀಗೆ ಮನೆಗೆ ಬರುವಾಗ ರಂಗವು ಏನನ್ನು ತರುತ್ತದೆ, ಏನನ್ನು ಬಿಟ್ಟುಬರುತ್ತದೆ? ಈ ಪ್ರಶ್ನೆಗೆ ಭರತನ ನಾಟ್ಯಶಾಸ್ತ್ರದಲ್ಲಿ ಎರಡು ಅಳತೆಗೋಲುಗಳಿವೆ. ಎರಡನೆಯ ಅಧ್ಯಾಯದಲ್ಲಿ ಭರತನು ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ನಾಟ್ಯಗೃಹವನ್ನು ವಿಧಿಸುತ್ತಾನೆ. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ನಟನ ಮುಖದ ಭಾವ ಕಾಣದೆ ಹೋಗುತ್ತದೆ ಎಂಬುದು ಅವನು ಕೊಡುವ ಕಾರಣ. ಈ ತೊಡಕನ್ನು ಕ್ಯಾಮೆರಾ ನಿವಾರಿಸಿದೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ ‘ಫೆದ್ರ್’ ನಾಟಕವನ್ನು ಚಿತ್ರಮಂದಿರಗಳಿಗೆ ನೇರವಾಗಿ ಪ್ರಸಾರ ಮಾಡಿದಾಗ, ಹೆಲೆನ್ ಮಿರೆನ್ನಳ ಮುಖಭಾವವು ಕೊನೆಯ ಸಾಲಿನವನಿಗೂ ಸಮೀಪದಿಂದ ಕಂಡಿತು.

ಇಪ್ಪತ್ತೇಳನೆಯ ಅಧ್ಯಾಯದ ಅಳತೆಗೋಲು ಬೇರೆಯದು. ಅಲ್ಲಿ ಪ್ರಯೋಗದ ಸಿದ್ಧಿ, ಅಂದರೆ ಸಫಲತೆ, ನಿರ್ಣಯವಾಗುವುದು ಪ್ರೇಕ್ಷಕರಿಂದ. ಅವರ ಮುಗುಳ್ನಗೆ, ಅಟ್ಟಹಾಸ, ‘ಸಾಧು’, ‘ಅಹೋ’ ಎಂಬ ಉದ್ಗಾರ, ರೋಮಾಂಚ, ಎದ್ದು ನಿಲ್ಲುವಿಕೆ ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ದೈವೀ ಸಿದ್ಧಿಗೆ ಗದ್ದಲವಿಲ್ಲದಿರುವುದು, ಕ್ಷೋಭೆಯಿಲ್ಲದಿರುವುದು ಮತ್ತು ರಂಗವು ಸಂಪೂರ್ಣವಾಗಿ ತುಂಬಿರುವುದು ಲಕ್ಷಣಗಳು. ನಿಶ್ಶಬ್ದತೆಯನ್ನು ನಮ್ಮ ಮನೆ ಒದಗಿಸಬಲ್ಲದು. ತುಂಬಿದ ಸಭೆಯ ನಿಶ್ಶಬ್ದತೆಯನ್ನು ಒದಗಿಸಲಾರದು.

2020ರ ಏಪ್ರಿಲ್‌ನಲ್ಲಿ, ರಂಗಮಂದಿರಗಳು ಮುಚ್ಚಿದ್ದಾಗ, ಅದೇ ನ್ಯಾಷನಲ್ ಥಿಯೇಟರ್ ‘ಒನ್ ಮ್ಯಾನ್, ಟೂ ಗವ್ನರ್ಸ್’ ಪ್ರಹಸನವನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ತೋರಿಸಿತು. ಅದು 2011ರ ಪ್ರಯೋಗದ ಮುದ್ರಿಕೆ. ಅದರಲ್ಲಿ ಕೇಳಿಬರುವ ನಗು ಒಂಬತ್ತು ವರ್ಷಗಳ ಹಿಂದಿನ ಸಭೆಯದು. ಆ ನಗುವನ್ನು ಕೇಳಿ ನಟರು ಕ್ಷಣಕಾಲ ತಡೆದರು, ಮಾತಿನ ಗತಿಯನ್ನು ಬದಲಿಸಿದರು. ನಮ್ಮ ನಗುವಾದರೋ ಯಾವ ನಟನಿಗೂ ಮುಟ್ಟಲಿಲ್ಲ. ಸಿನಿಮಾದಲ್ಲಿ ಈ ನಷ್ಟ ಇಷ್ಟು ತೀವ್ರವಲ್ಲ, ಏಕೆಂದರೆ ಅಲ್ಲಿ ಪ್ರೇಕ್ಷಕನು ಬರುವ ಮೊದಲೇ ಅಭಿನಯ ಮುಗಿದಿರುತ್ತದೆ.

ಹಾಗೆಂದು ಮನೆಯನ್ನು ದೂಷಿಸಬೇಕಾಗಿಲ್ಲ. 1980ರ ದಶಕದಲ್ಲಿ ನಮ್ಮ ಊರುಗಳಲ್ಲಿ ದೂರದರ್ಶನದ ಭಾನುವಾರದ ಚಲನಚಿತ್ರಕ್ಕೆ ಟಿ.ವಿ. ಇದ್ದವರ ಪಡಸಾಲೆಯಲ್ಲಿ ನೆರೆಹೊರೆಯೆಲ್ಲ ಸೇರುತ್ತಿತ್ತು. ಆ ಪಡಸಾಲೆಯೂ ಒಂದು ಸಂಪೂರ್ಣ ರಂಗವೇ ಆಗಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ನೋಡುವ ಇಂದಿನ ಏಕಾಕಿ ಪ್ರೇಕ್ಷಕ ಆ ಪಡಸಾಲೆಗಿಂತ ಪ್ರೂಸ್ತನ ಕೋಣೆಗೇ ಹೆಚ್ಚು ಸಮೀಪದವನು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದ ಒಂದು ವಿಧಾನವೂ ದೊರೆಯುತ್ತದೆ. ಮುದ್ರಿತ ನಾಟಕವನ್ನು ನೋಡಿ ‘ಈ ನಾಟಕವನ್ನು ನೋಡಿದೆ’ ಎಂದು ಬರೆಯುವುದು ಸಾಲದು. ಗ್ರಂಥಸಂಪಾದಕನು ಒಂದು ಓಲೆಪ್ರತಿಯನ್ನೇ ಕೃತಿಯೆಂದು ಭ್ರಮಿಸದೆ, ಅದರ ಲಿಪಿಕಾರ, ಕಾಲ, ಸ್ಥಳಗಳನ್ನು ಗುರುತಿಸುತ್ತಾನೆ. ಹಾಗೆಯೇ ಮುದ್ರಿಕೆಯನ್ನೂ ಒಂದು ಪ್ರತಿಯೆಂದು ಪರಿಗಣಿಸಿ, ಅದು ಯಾವ ದಿನದ, ಯಾವ ಸಭೆಯ ಮುಂದಿನ ಪ್ರಯೋಗವೆಂಬುದನ್ನು ದಾಖಲಿಸಬೇಕು. ಕ್ಯಾಮೆರಾ ಯಾವುದನ್ನು ಆಯ್ದು ತೋರಿಸಿತು, ಯಾವುದನ್ನು ಬಿಟ್ಟಿತು ಎಂಬುದನ್ನೂ ವಿಚಾರಿಸಬೇಕು. ಸಾಧ್ಯವಾದರೆ ನಾಲ್ಕು ಜನರೊಡನೆ ಕುಳಿತು ನೋಡಬೇಕು. ಆಗ ಮಾತ್ರ ಭರತನು ಹೇಳಿದ ಸಿದ್ಧಿಯ ಒಂದಂಶವಾದರೂ ನಮ್ಮ ಅನುಭವಕ್ಕೆ ಬಂದೀತು.