ಕಂಪ್ಯೂಟರಿನ ಮೆಮೊರಿ ಏಕೆ ಖಾಲಿ ಇರುವುದಿಲ್ಲ?

"ಏನೂ ಓಪನ್ ಮಾಡಿಲ್ಲ, ಆದರೂ ಮೆಮೊರಿ ತುಂಬಿದೆಯಲ್ಲ?" ನಾನು ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ಊರಿನಲ್ಲಿ ಅನೇಕರು ಈ ಪ್ರಶ್ನೆ ಕೇಳುತ್ತಾರೆ. ಇದರ ಉತ್ತರಕ್ಕೆ ಅರವತ್ತು ವರ್ಷಗಳ ಇತಿಹಾಸವಿದೆ.

ನಮ್ಮ ಅಡುಗೆಮನೆಗಳಲ್ಲಿ ಸಾಸಿವೆಯ ಚೀಲ ಅಟ್ಟದ ಮೇಲಿದ್ದರೆ, ದಿನಬಳಕೆಗೆ ಬೇಕಾದಷ್ಟು ಒಲೆಯ ಪಕ್ಕದ ಒಗ್ಗರಣೆ ಡಬ್ಬಿಯಲ್ಲಿರುತ್ತದೆ. ಪ್ರತಿ ಒಗ್ಗರಣೆಗೂ ಯಾರೂ ಅಟ್ಟ ಹತ್ತುವುದಿಲ್ಲ. ಕಂಪ್ಯೂಟರಿನಲ್ಲಿ ಡಿಸ್ಕ್ ಅಟ್ಟವಿದ್ದಂತೆ, ಮೆಮೊರಿ ಒಗ್ಗರಣೆ ಡಬ್ಬಿಯಿದ್ದಂತೆ. ಈಗ ಬಳಸಿದ್ದು ಮತ್ತೆ ಬೇಕಾಗಬಹುದೆಂದು ಕೈಗೆಟಕುವಂತೆ ಇಟ್ಟುಕೊಳ್ಳುವುದೇ 'ಕ್ಯಾಶ್'.

1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರ 'ಅಟ್ಲಾಸ್' ಕಂಪ್ಯೂಟರ್ ಕಾರ್ಯಾರಂಭ ಮಾಡಿತು. ಅದರಲ್ಲಿ ವೇಗದ ಮೆಮೊರಿ ಚಿಕ್ಕದು, ನಿಧಾನವಾದ ಡ್ರಮ್ ದೊಡ್ಡದು. ಮಾಹಿತಿಯನ್ನು 'ಪುಟ'ಗಳಾಗಿ ವಿಂಗಡಿಸಿ, ಯಾವ ಪುಟ ಮೆಮೊರಿಯಲ್ಲಿ ಉಳಿಯಬೇಕು, ಯಾವುದು ಡ್ರಮ್ಮಿಗೆ ಹೋಗಬೇಕು ಎಂಬುದನ್ನು ಹಿಂದಿನ ಬಳಕೆ ನೋಡಿ ಯಂತ್ರವೇ ತೀರ್ಮಾನಿಸುತ್ತಿತ್ತು. 1965ರಲ್ಲಿ ಕೇಂಬ್ರಿಡ್ಜಿನ ಮಾರಿಸ್ ವಿಲ್ಕ್ಸ್, ದೊಡ್ಡ ಮೆಮೊರಿಯ ಜೊತೆಗೆ ಇನ್ನೂ ವೇಗದ ಪುಟ್ಟ ಮೆಮೊರಿಯೊಂದನ್ನು ಇಡಬಹುದೆಂದು ಲೇಖನ ಬರೆದರು. 1968ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ 360 ಮಾಡೆಲ್ 85ರಲ್ಲಿ ಅಂಥದ್ದು 'ಕ್ಯಾಶ್' ಎಂಬ ಹೆಸರಿನಲ್ಲಿ ಬಂತು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಆರಂಭಿಸಿದರು. ಡಿಸ್ಕಿನಿಂದ ಓದಿದ್ದನ್ನು ಯುನಿಕ್ಸ್ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತಿತ್ತು. ಆದರೆ ಅದಕ್ಕೆ ಮೀಸಲಿಟ್ಟ ಜಾಗ ಇಷ್ಟೇ ಎಂದು ನಿಗದಿಯಾಗಿತ್ತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಇಂದು ಉಳಿದ ಮೆಮೊರಿಯನ್ನೆಲ್ಲ ಇದಕ್ಕೆ ಬಳಸಿಕೊಳ್ಳಬಲ್ಲದು. ಬೇರೆ ಪ್ರೋಗ್ರಾಂ ಕೇಳಿದೊಡನೆ ಜಾಗ ಬಿಟ್ಟುಕೊಡುತ್ತದೆ. ಹಾಗಾಗಿ ಮೆಮೊರಿ ತುಂಬಿದಂತೆ ಕಂಡ ಮಾತ್ರಕ್ಕೆ ಕಂಪ್ಯೂಟರ್ ಕೆಟ್ಟಿದೆ ಎಂದಲ್ಲ. ಯಾರೋ ಹೇಳಿದರೆಂದು ಹೊಸದಕ್ಕೆ ಹಣ ಸುರಿಯುವ ಮೊದಲು ಇದನ್ನು ನೆನಪಿಡಿ.

ಈ ಅನುಕೂಲಕ್ಕೆ ಒಂದು ಬೆಲೆಯೂ ಇದೆ. ನಾವು ಸೇವ್ ಮಾಡಿದ್ದು ಮೊದಲು ಮೆಮೊರಿಗೆ ಹೋಗಿ, ಡಿಸ್ಕಿಗೆ ತುಸು ತಡವಾಗಿ ಇಳಿಯುತ್ತದೆ. ಹಳೆಯ ಯುನಿಕ್ಸ್‌ನಲ್ಲಿ 30 ಸೆಕೆಂಡಿಗೊಮ್ಮೆ ಹೀಗೆ ಇಳಿಸುವ ವ್ಯವಸ್ಥೆಯಿತ್ತು. ಅಷ್ಟರಲ್ಲಿ ಕರೆಂಟ್ ಹೋದರೆ, ಇಳಿಯದೆ ಉಳಿದದ್ದು ನಷ್ಟವಾಗುತ್ತದೆ. ಪದೇ ಪದೇ ಕರೆಂಟ್ ಹೋಗುವ ನಮ್ಮ ಹಳ್ಳಿಗಳಲ್ಲಿ ಇದು ಸಣ್ಣ ವಿಷಯವಲ್ಲ. ಹೋಗುವುದು ಒಂದು ತರಗತಿಯ ಅಂಕಪಟ್ಟಿಯೇ ಇರಬಹುದು.

ಆದ್ದರಿಂದ ಶಾಲೆಯ ತಮ್ಮ ತಂಗಿಯರಲ್ಲಿ ನನ್ನದೊಂದು ವಿನಂತಿ: ಸ್ವಿಚ್ ಆರಿಸುವ ಮೊದಲು ಶಟ್‌ಡೌನ್ ಮಾಡಿ, ಪೆನ್‌ಡ್ರೈವ್ ಕೀಳುವ ಮೊದಲು ಇಜೆಕ್ಟ್ ಮಾಡಿ. ಲ್ಯಾಬಿಗೆ ಏನಾದರೂ ಕೊಡಬಯಸುವ ಹಿರಿಯ ವಿದ್ಯಾರ್ಥಿಗಳು ಕಂಪ್ಯೂಟರಿನ ಜೊತೆಗೆ ಒಂದು ಯುಪಿಎಸ್ಸನ್ನೂ ಕೊಡಲಿ.